ಹೆತ್ತವರಿಗೆ ಮಾತ್ರ ಹೇಳುವ ಬೇರು

ಹರ್ಬೇರಿಯಂನ (ಒಣಗಿಡಗಳ ಸಂಗ್ರಹಾಲಯದ) ಹಿಂದಿನ ಕೋಣೆ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಕಾಗದ, ಪೊಟ್ಟಣ ಎರಡೂ ಕೈಸೇರಿದವು. ನಾನು ಕ್ಷೇಮ ಅಂತ ಬರೆಯಬೇಕು, ಬರೆದಿದ್ದೇನೆ. ಇನ್ನು ನಿಜ ಹೇಳುತ್ತೇನೆ: ನಿನ್ನ ಕಾಗದ ಓದಿ ನನ್ನ ಹೊಟ್ಟೆ ಧಗಧಗ ಉರಿಯಿತು.

ಆ ಕಾಡಂಚಿನ ಹಳ್ಳಿಯಲ್ಲಿ ಎರಡು ವರ್ಷ ಇದ್ದವಳು ನಾನು. ನಮ್ಮ ಗೈಡು ಮೇಷ್ಟ್ರ ನಾಟಿ ಔಷಧಿಯ ಪುಸ್ತಕಕ್ಕಾಗಿ ಯಾವ ಎಲೆ ಕೆಮ್ಮಿಗೆ, ಯಾವ ತೊಗಟೆ ಗಾಯಕ್ಕೆ ಅಂತ ಮನೆಮನೆ ತಿರುಗಿ ಕೇಳಿದೆ. ಜಿಗಣೆಗಳಿಗೆ ರಕ್ತ ಕೊಟ್ಟೆ. ಒತ್ತಿಟ್ಟ ಗಿಡಗಳಿಗೆ ಬೂಷ್ಟು ಹಿಡಿಯಬಾರದು ಅಂತ ಅವನ್ನು ಒಲೆಯ ಹತ್ತಿರ ಇಟ್ಟು, ನಾನು ಸೋರುವ ಮೂಲೆಯಲ್ಲಿ ಮಲಗಿದೆ. ಸೂಲಗಿತ್ತಿ ಅಜ್ಜಿಯ ತಲೆ ಬಾಚಿದೆ, ಅವಳ ಮೇಕೆಯ ಹಿಂದೆ ಓಡಿದೆ. ಹೆಂಗಸರ ಔಷಧಿಯ ಮಾತೆತ್ತಿದರೆ ಮಾತ್ರ ಅಜ್ಜಿಯ ಬಾಯಿಗೆ ಬೀಗ. ಅದನ್ನೆಲ್ಲ ಹೆತ್ತವರಿಗೆ ಮಾತ್ರ ಹೇಳೋದು ಮಗಾ, ನೀನಿನ್ನೂ ಹೆತ್ತಿಲ್ಲವಲ್ಲ ಅಂತ ಗಲ್ಲ ಹಿಂಡಿ ಕಳಿಸುತ್ತಿದ್ದಳು.

ಜ್ವರ ಅಂತ ಬಿದ್ದು, ಮೈಯಲ್ಲಿ ತ್ರಾಣವಿಲ್ಲದೆ ನಾನು ವಾಪಸು ಬಂದೆ. ನನ್ನ ಜಾಗಕ್ಕೆ ಮೇಷ್ಟ್ರು ನಿನ್ನನ್ನು ಕಳಿಸಿದರು. ನೀನು ಹೋಗಿ ವಾರ ಕಳೆದಿರಲಿಲ್ಲ, ಮಕ್ಕಳಿಬ್ಬರ ಫೋಟೋ ತೋರಿಸಿದೆಯಂತೆ, ಅಜ್ಜಿ ಕೈ ಹಿಡಿದು ಕಾಡಿಗೆ ಕರೆದೊಯ್ದು ಬೇರು ಅಗೆದು ಕೊಟ್ಟಳಂತೆ. ಎಷ್ಟು ಸಲೀಸು! ನಿನ್ನ ಮಕ್ಕಳು ಮೂಗು ಸುರಿಸುತ್ತಾ ನಿಂತಿರುವ ಆ ಫೋಟೋ ತೆಗೆದವಳೂ ನಾನೇ.

ಅಮ್ಮ ಫೋನು ಮಾಡಿ, ನೀನು ಎರಡು ವರ್ಷ ಒದ್ದಾಡಿದ್ದನ್ನ ಅಕ್ಕ ಒಂದೇ ವಾರದಲ್ಲಿ ಮುಗಿಸಿದಳು ನೋಡು ಅಂದಳು. ಪಕ್ಕದಲ್ಲಿ ಕೂತಿದ್ದ ನಮ್ಮನೆಯವರೂ ಹೌದೆಂದು ತಲೆಯಾಡಿಸಿದರು. ಚಿಕ್ಕಂದಿನಿಂದ ನೀನು ಬಿಟ್ಟ ಬಟ್ಟೆ, ನೀನು ತುಳಿದ ಸೈಕಲ್ಲು, ನೀನು ಗೀಚಿದ ಪುಸ್ತಕವೇ ನನ್ನ ಪಾಲಿಗೆ. ನಿನಗಿಂತ ಮೊದಲು ನಾನು ಕಾಲಿಟ್ಟದ್ದು ಆ ಊರೊಂದಕ್ಕೇ. ಈಗ ಅದೂ ನಿನ್ನದಾಯಿತು. ಅಸೂಯೆ ಅಂದರೆ ಅಸೂಯೆಯೇ, ಅದಕ್ಕೆ ಬೇರೆ ಬಣ್ಣ ಬಳಿಯುವುದಿಲ್ಲ.

ಇನ್ನು ಕೆಲಸದ ಮಾತು. ಬೇರಿನ ಗಿಡ ಯಾವುದು ಅಂತ ಕೇಳಿದ್ದೀಯ. ಹೂವಿಲ್ಲ, ಎಲೆಯಿಲ್ಲ, ಬರೀ ತುಂಡು ಬೇರು ಕಳಿಸಿದರೆ ನಾನೇನು ಕಣಿ ಹೇಳಲೇ? ಹೂ ಬಿಟ್ಟ ಟೊಂಗೆ ಒತ್ತಿ ಕಳಿಸು.

ಎರಡನೆಯದು, ಬಸಿರು ಇಳಿದುಹೋದ ಮೇಲೆ ರಕ್ತ ನಿಲ್ಲದವರಿಗೆ ಇದನ್ನು ಕುಡಿಸುತ್ತಾರೆ ಅಂತ ಅಜ್ಜಿ ಹೇಳಿದಳು, ಆದರೆ ಕುಡಿದವಳೊಬ್ಬಳು ತಾನೇ ಬಾಯಿಬಿಟ್ಟು ಹೇಳದಿದ್ದರೆ ಗೈಡು ಮೇಷ್ಟ್ರು ಅದನ್ನು ಪುಸ್ತಕಕ್ಕೆ ಸೇರಿಸುವುದಿಲ್ಲ, ಊರಲ್ಲಿ ಯಾರೂ ಒಪ್ಪಿಕೊಳ್ಳುತ್ತಿಲ್ಲ ಅಂತ ಬರೆದಿದ್ದೀಯ. ಯಾರನ್ನು ಕೇಳಿದರೆ ಹೇಳುತ್ತಾರೆ, ಅಲ್ಲಿ ನಿನಗೆ ಎಲ್ಲರೂ ಗೊತ್ತಲ್ಲ ಅಂತ ನನ್ನನ್ನೇ ಕೇಳಿದ್ದೀಯ. ಗೊತ್ತು. ಹೇಳುವ ಮನಸ್ಸಿರಲಿಲ್ಲ. ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಿ, ದಾರಿಯಲ್ಲೇ ಕೊಳೆತುಹೋಗಿತ್ತು ಅಂತ ಬರೆದುಬಿಡೋಣ ಅಂದುಕೊಂಡಿದ್ದೆ.

ಹಾಕುವ ಮೊದಲು ಬಿಚ್ಚಿದೆ. ಈ ಕೋಣೆಯಲ್ಲಿ ನುಸಿಗುಳಿಗೆಯ ವಾಸನೆ ಬಿಟ್ಟರೆ ಬೇರೇನೂ ಮೂಗಿಗೆ ಬಡಿಯುವುದಿಲ್ಲ. ಆದರೂ ಆ ಬೇರಿನ ವಾಸನೆ ಬಂತು. ಪೊಟ್ಟಣ ಮುಚ್ಚಿ ಹೊರಗೆ ಮೆಟ್ಟಿಲ ಮೇಲೆ ಕೂತೆ. ಹಾಳೆಗೆ ಒಣಗಿಡ ಅಂಟಿಸುವ ಹುಡುಗಿ ಬಂದು, ಯಾಕಕ್ಕಾ, ತಲೆ ಸುತ್ತಿತಾ ಅಂತ ಕೇಳಿದಳು. ಹೂಂ ಅಂದೆ.

ಬೇರು ನನ್ನ ಮೇಜಿನ ಮೇಲಿದೆ. ಬಿಸಾಡಿಲ್ಲ.

ನಿನ್ನ ತಂಗಿ,
ಮೊಂಡಿ

ತಾ.ಕ.: ಒಬ್ಬಳು ಕುಡಿದಿದ್ದಾಳೆ ಅಂತ ಬರೆದುಕೋ. ಬೇರನ್ನು ಜಜ್ಜಿ, ಕುದಿಸಿ, ಬಿಸಿಯಿರುವಾಗಲೇ ಕುಡಿಸುತ್ತಾರೆ. ಮೊದಲು ಕಹಿ, ಆಮೇಲೆ ನಾಲಗೆ ಜೋಮು ಹಿಡಿಯುತ್ತದೆ. ಅಜ್ಜಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಡಿಸಿದಳು. ಮಾರನೇ ದಿನ ರಕ್ತ ನಿಂತಿತು. ಏನಿದು ಅಂತ ಕೇಳಿದ್ದಕ್ಕೆ ಜ್ವರದ ಕಷಾಯ ಅಂದಳು, ಊರಿಗೂ ಹಾಗೇ ಹೇಳಿದಳು. ಮನೆಗೆ ಬಂದು ನಾನೂ ಹಾಗೇ ಹೇಳಿದೆ. ಅದಾದ ಮೇಲೆ ನೀನಿನ್ನೂ ಹೆತ್ತಿಲ್ಲ ಅನ್ನುವ ಮಾತು ಅಜ್ಜಿಯ ಬಾಯಲ್ಲಿ ಬರಲಿಲ್ಲ. ಪುಸ್ತಕದಲ್ಲಿ ಹೆಸರು ಬೇಡ. ಅಮ್ಮನಿಗೆ ಹೇಳಬೇಡ, ನಮ್ಮನೆಯವರಿಗೂ ಗೊತ್ತಿಲ್ಲ. ಮಕ್ಕಳ ಫೋಟೋವನ್ನು ಮಾತ್ರ ಅಜ್ಜಿಯ ಆ ಮನೆಯಲ್ಲಿ ಇನ್ನೊಮ್ಮೆ ಹೊರಗೆ ತೆಗೆಯಬೇಡ ಅಕ್ಕಾ. ಇಷ್ಟು ದೂರ ಇಲ್ಲಿ ಕೂತಿದ್ದರೂ ಅದನ್ನು ನನ್ನ ಕೈಯಲ್ಲಿ ತಡೆದುಕೊಳ್ಳೋಕಾಗಲ್ಲ.