ಮುಂದಿನ ಟೇಪ್

ಅತ್ಲೋನ್
ಫೆಬ್ರವರಿ ೨೦೨೧

ಚಿರಂಜೀವಿ ನೂಮಾನ್‌ಗೆ ಅಕ್ಕನ ಆಶೀರ್ವಾದ. ದೇವರು ನಿನ್ನನ್ನೂ ಮನೆಯವರನ್ನೂ ಈ ಕಾಯಿಲೆಯಿಂದ ಕಾಪಾಡಲಿ.

ನಮ್ಮ ಯಜಮಾನರ ಫೋನನ್ನು ನಾನಿನ್ನೂ ಆಫ್ ಮಾಡಿಲ್ಲ. ನೀನೂ ಅವರೂ ಜೊತೆಗೆ ಕೆಲಸ ಮಾಡಿದ ಆಫೀಸಿನ ದೊಡ್ಡ ಕಂಪ್ಯೂಟರಿನಿಂದ ಅದಕ್ಕೆ ದಿನಾ ಬೆಳಿಗ್ಗೆ ಒಂದು ಮೆಸೇಜು ಬರುತ್ತದೆ. ನೀವೆಲ್ಲ ಮನೆಯಲ್ಲಿ ಕೂತು ಮಾಡಿದ ಕೆಲಸದ ನಕಲನ್ನು ಕ್ಯಾಸೆಟ್ಟಿನಂಥ ಟೇಪಿಗೆ ಇಳಿಸಿದ್ದೇನೆ ಎಂದು ಅದು ಹೇಳುತ್ತದಂತೆ. ಹಾಗೆ ಸೆಟ್ ಮಾಡಿಟ್ಟವರು ಅವರೇ. ಲಾಕ್‌ಡೌನಿನಲ್ಲೂ ಟೇಪ್ ತುಂಬಿದಾಗಲೆಲ್ಲ ಪರ್ಮಿಷನ್ ಲೆಟರ್ ಹಿಡಿದು ಹೋಗಿ ಬದಲಾಯಿಸಿ ಬರುತ್ತಿದ್ದರು.

ಸೋಮವಾರದಿಂದ ಮೆಸೇಜು ಬೇರೆ ಥರ ಬರುತ್ತಿದೆ. ಮಗಳು ಅನನ್ಯಾ ಓದಿ, "ಅಮ್ಮಾ, ಟೇಪ್ ಫುಲ್ ಆಗಿದೆ. ಹೊಸದು ಹಾಕಿ ಅಂತ ಅಪ್ಪನ್ನ ಕೇಳ್ತಿದೆ" ಎಂದಳು. ಆಸ್ಪತ್ರೆಗೆ ಸೇರುವ ಮುಂಚೆ ಅವರೇ ಹಾಕಿ ಬಂದ ಟೇಪು ಅದು. ಸೋಮವಾರದಿಂದ ನಿಮ್ಮ ಯಾರ ಕೆಲಸಕ್ಕೂ ನಕಲಿಲ್ಲವಪ್ಪ. ಅನನ್ಯಾ ಈ ಪತ್ರದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾಳೆ. ನೋಡಿದ ಕೂಡಲೇ ಹೋಗಿ ಹೊಸ ಟೇಪ್ ಹಾಕು.

ಹಾಗೆಯೇ ಆ ಕಂಪ್ಯೂಟರಿನಲ್ಲಿರುವ ಅವರ ಹೆಸರು, ನಂಬರು ತೆಗೆದು ನಿನ್ನದು ಹಾಕಿಕೊ. ನಾನೇ ಒಂದು ದಿನವೂ ಅವರನ್ನು ಹೆಸರು ಹಿಡಿದು ಕರೆದವಳಲ್ಲ, ಅದು ಮೆಸೇಜಿನಲ್ಲಿ ದಿನಾ ಕರೆಯುತ್ತಿದೆ. ಕರ್ಮವೆಲ್ಲ ಮುಗಿಸಿ ಕಳಿಸಿಕೊಟ್ಟಿದ್ದೇವೆ. ಹೊರಟವರನ್ನು ಹಿಂದಿನಿಂದ ಕರೆಯಬಾರದು. ಕೆಲಸ ಅಂದರೆ ಅವರು ತಿರುಗಿ ನೋಡುವವರೇ.

ಯಾವತ್ತು ಹೆಸರು ಬದಲಾಯಿಸುತ್ತೀಯ ಎಂದು ಮಾತ್ರ ಮೊದಲೇ ತಿಳಿಸು. ಅದರ ಮಾರನೆಯ ಬೆಳಿಗ್ಗೆಯಿಂದ ನಾನು ಫೋನಿನ ಮುಂದೆ ಕಾಯುತ್ತ ಕೂರುವುದಿಲ್ಲ.

ನಿನ್ನ ಒಳಿತನ್ನೇ ಬೇಡುವ
ಪುಟ್ಟಗೌರಮ್ಮ