ಹೆಬ್ಬೆರಳು ಸವೆಸಿದ ಜಾಗ

ಅಪ್ಪನಿಗೆ,

ನೀವು ಮಾರಿದ ಕ್ಯಾಮೆರಾ ಇನ್ನೂ ಅದೇ ಅಂಗಡಿಯಲ್ಲಿದೆ. ಆದರೆ ವಾಪಸು ತರಲಾಗಲಿಲ್ಲ. ಗಾಜಿನ ಕಪಾಟಿನಲ್ಲಿಟ್ಟು ಅದಕ್ಕೊಂದು ದೀಪ ಹಾಕಿದ್ದಾರೆ. ನಮ್ಮ ಸ್ಟುಡಿಯೋವನ್ನು ಬಾಗಿಲು, ಪರದೆ ಸಮೇತ ಮಾರಿದರೂ ಈಗ ಅದಕ್ಕೆ ಹೇಳುವ ಬೆಲೆಯಷ್ಟು ದುಡ್ಡು ಹುಟ್ಟುವುದಿಲ್ಲ.

"ಇಷ್ಟು ಹಳೇದಕ್ಕಾ?" ಎಂದು ಕೇಳಿದೆ.

"ಕಪ್ಪು ಬಣ್ಣ ಸವೆದು ಹಿತ್ತಾಳೆ ಕಾಣ್ತಿದೆಯಲ್ಲ ಮೇಡಂ, ಅದಕ್ಕೇ ಈ ರೇಟು. ಈಗ ಗಿರಾಕಿಗಳು ಹೊಸದನ್ನೂ ಹೀಗೇ ಸವೆಸಿ ಕೊಡಿ ಅಂತಾರೆ," ಎಂದ ಅಂಗಡಿಯವನು.

ಅದು ಮದುವೆ ಮನೆಗಳಲ್ಲಿ ದುಡಿದು ನಿಮ್ಮ ಹೆಬ್ಬೆರಳು ಸವೆಸಿದ ಜಾಗ. ಮಾರುವ ದಿನ ನಾಚಿಕೆಯಾಗಿ ನೀವು ಅದರ ಮೇಲೆ ಕಪ್ಪು ಬಣ್ಣ ಬಳಿದಿರಲ್ಲ, ಅವನು ಅದನ್ನು ಹತ್ತಿಯಲ್ಲಿ ಒರೆಸಿ ತೆಗೆದಿದ್ದಾನೆ. ಫೋಟೋ ತೆಗೆಯುವವರು ಯಾರೂ ಈಗ ಅದನ್ನು ಕೇಳಿಕೊಂಡು ಬರುವುದಿಲ್ಲವಂತೆ, ಮನೆಯಲ್ಲಿ ಅಲಂಕಾರಕ್ಕೆ ಇಡುವವರೇ ಬರುವುದಂತೆ.

ಭಾನುವಾರದ ಮದುವೆಗೆ ಬಾಡಿಗೆ ಕ್ಯಾಮೆರಾ ಗೊತ್ತು ಮಾಡಿದ್ದೇನೆ. ಅದಕ್ಕೆ ಕುತ್ತಿಗೆಪಟ್ಟಿ ಇಲ್ಲ. ನಿಮ್ಮ ಚರ್ಮದ ಪಟ್ಟಿಯನ್ನು ಚಿಕ್ಕಮ್ಮನ ಕೈಲಿ ಕಳಿಸಿ. ಮಾತ್ರೆ ತಪ್ಪಿಸಬೇಡಿ.

ಅಂಗಡಿಯಿಂದ ಹೊರಡುವಾಗ ನಿಮ್ಮ ಕ್ಯಾಮೆರಾವನ್ನು ಒಮ್ಮೆ ಕೈಗೆ ಕೊಡಿ ಎಂದು ಅವನನ್ನು ಕೇಳಿದೆ, ಕೊಟ್ಟ. ಹಿತ್ತಾಳೆಯ ಮೇಲೆ ಹೆಬ್ಬೆರಳಿಟ್ಟೆ.

"ಅಲ್ಲಿ ಮುಟ್ಬೇಡಿ ಮೇಡಂ," ಎಂದ, "ಬೆವರು ತಾಗಿದ್ರೆ ಹಾಳಾಗುತ್ತೆ."

ನಿಮ್ಮ ಮಗಳು