ನಾಲ್ಕು ಬಾಟಲಿ, ಒಂದು ಬಟ್ಟಲು

ಜತ್ತ, ೧೯೫೯

ಅತ್ತೀ,

ನೀವು ಸತ್ತು ಮೂರು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ. ನಾನೀಗ ದವಾಖಾನೆಯಲ್ಲಿ ಆಯಾ. ಸುಗ್ಗಿ ಬಂತೆಂದರೆ ಜೋಳದ ಗರಿ ಬಡಿದು ಕಣ್ಣು ಬೆಳ್ಳಗಾದವರು ದಿನಾ ಬರುತ್ತಾರೆ, ನಿಮ್ಮ ಮಗ ಬರಬೇಕಿದ್ದ ಹಾಗೆ.

ಡಾಕ್ಟರ ಸಾಹೇಬರು ಒಬ್ಬನ ಕಣ್ಣಿನಿಂದ ಕೆರೆದದ್ದನ್ನು ನಾಲ್ಕು ಬಾಟಲಿಗಳಲ್ಲಿ ಬೆಳೆಯಲು ಇಟ್ಟು, ಮೂರಕ್ಕೆ ಬೇರೆ ಬೇರೆ ಹೊಸ ಔಷಧ ಬೆರೆಸಿದ್ದರು. ಇಂದು ನೋಡಿದರೆ ಒಂದರಲ್ಲಿ ಮಾತ್ರ ಏನೂ ಬೆಳೆದಿಲ್ಲ. ಉಳಿದವುಗಳಲ್ಲಿ ಹಳಸಿದ ರೊಟ್ಟಿಯ ಮೇಲಿನಂಥ ಬೂಷ್ಟು. ಕಣ್ಣೊಳಗೂ ಇದೇ ಬೆಳೆಯುತ್ತದಂತೆ.

"ಮನ್ಯಾಗ ಬಾಣಂತಿ ಅದಾಳ, ಎದಿಹಾಲು ಬಿಟ್ರ ಕಣ್ಣು ತಣ್ಣಗಾಗ್ತದ, ದವಾಖಾನಿ ಯಾಕ?" ಎಂದವರು ನೀವು. ಹಾಲು ಹಿಂಡಲು ನನ್ನ ಕೈಗೆ ಬಟ್ಟಲು ಕೊಟ್ಟವರೂ ನೀವು. ನನ್ನ ಗಂಡನ ಕಣ್ಣು ಕಳೆದವರು ನೀವೇ ಎಂದು ಊರಿಗೆಲ್ಲ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಬಾಟಲಿ ನೋಡುತ್ತಿರುವಾಗಲೇ ಸನಮಡಿಯಿಂದ ಒಬ್ಬ ಅಂಥದೇ ಕಣ್ಣಿನವನು ಬಂದ. ಜೊತೆಗೆ ಕೂಸನ್ನು ಎತ್ತಿಕೊಂಡ ಹೆಂಡತಿ.

"ಕಣ್ಣಾಗ ಏನ ಹಾಕೀರಿ? ಖರೇ ಹೇಳ್ರಿ!" ಎಂದು ಸಾಹೇಬರು ಗದರಿದರು.

ಆ ಬಾಣಂತಿ ಹುಡುಗಿ ನನ್ನ ಮುಖ ನೋಡುತ್ತ, ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡಳು.

"ಏನೂ ಹಾಕಿಲ್ಲಂತ್ರಿ, ಸಾಹೇಬ್ರ" ಎಂದು ನಾನೇ ಹೇಳಿದೆ.